ವೆಜ್ ಓಡ್ತಾ ಇದ್ರೆ ನಾರ್ಮಲ್ ಫೋರ್ಸ್ ಎಂಜಿ ಕಾಸ್ ಥೀಟಾ ಯಾಕೆ ಬರಲ್ಲ?

ಲಾಸ್ಟ್‌ಬೆಂಚ್_ತಿಪಟೂರು

ಎಲ್ರಿಗೂ ನಮಸ್ಕಾರ. ಫಸ್ಟ್ ಪಿಯುಸಿ, ಪಿಸಿಎಂಬಿ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಹಂಗಾಗಿ ಈಗ ಇಂಗ್ಲಿಷಲ್ಲಿ ಓದೋದು ಅರ್ಧ ತಲೆಗೆ ಹೋಗುತ್ತೆ ಅರ್ಧ ತಲೆ ಮೇಲಿಂದ ಹೋಗುತ್ತೆ, ಕನ್ನಡದಲ್ಲಿ ಹೇಳೋರು ಸಿಕ್ರೆ ಪುಣ್ಯ ಬರುತ್ತೆ ನಿಮಗೆ.

ಪ್ರಾಬ್ಲಂ ಇದು. ನೆಲದ ಮೇಲೆ ಒಂದು ವೆಜ್ (ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಇಳಿಜಾರಾಗಿರೋ ತ್ರಿಕೋನದ ದಿಮ್ಮಿ) ಇದೆ, ಇಳಿಜಾರು (ಥೀಟಾ) 37 ಡಿಗ್ರಿ. ಅದರ ಮೇಲೆ 2 ಕೆಜಿ (ಎಂ) ಬ್ಲಾಕ್. ಎಲ್ಲೂ ಘರ್ಷಣೆ ಇಲ್ಲ. ವೆಜ್‌ನ ಹಿಂದಿನ ನೆಟ್ಟಗಿರೋ ಗೋಡೆ ಕಡೆಯಿಂದ ನೆಲಕ್ಕೆ ಸಮನಾಗಿ ತಳ್ತಾ ಹೋಗ್ಬೇಕು, ಬ್ಲಾಕ್ ಮಾತ್ರ ಇಳಿಜಾರಲ್ಲಿ ಮೇಲಕ್ಕೂ ಹೋಗ್ಬಾರ್ದು ಕೆಳಕ್ಕೂ ಜಾರ್ಬಾರ್ದು, ಇಟ್ಟ ಜಾಗದಲ್ಲೇ ಕೂತಿರ್ಬೇಕು. ಹಂಗಾದ್ರೆ ವೇಗೋತ್ಕರ್ಷ (ಎ) ಎಷ್ಟು, ಬ್ಲಾಕ್ ಮೇಲೆ ನಾರ್ಮಲ್ ಫೋರ್ಸ್ (ಎನ್, ಅಂದ್ರೆ ಇಳಿಜಾರಿನ ಹಲಗೆ ತನಗೆ ಲಂಬವಾಗಿ ಬ್ಲಾಕನ್ನ ತಳ್ಳೋ ಬಲ) ಎಷ್ಟು? ಜಿ (ಗುರುತ್ವದ ವೇಗೋತ್ಕರ್ಷ) 10 ತಗೋಬೇಕು, ಸೈನ್ 37 = 0.6, ಕಾಸ್ 37 = 0.8.

ನಾನು ಮಾಡಿದ್ದು: ಇಳಿಜಾರು ಅಂದ್ಮೇಲೆ ಎನ್ = ಎಂಜಿ ಕಾಸ್ ಥೀಟಾ = 16 ನ್ಯೂಟನ್. ಬ್ಲಾಕನ್ನ ಮುಂದಕ್ಕೆ ತಳ್ಳೋದು ಎನ್‌ನ ಅಡ್ಡ ಭಾಗ, 16 × 0.6 = 9.6. ಅದನ್ನ 2ರಿಂದ ಭಾಗಿಸಿದ್ರೆ 4.8. ಹಿಂದಗಡೆ ಉತ್ತರ ನೋಡಿದ್ರೆ 7.5, ಎನ್ 25 ನ್ಯೂಟನ್ ಅಂತಿದೆ. ಬ್ಲಾಕಿನ ತೂಕವೇ 20 ನ್ಯೂಟನ್ನು, ಇಳಿಜಾರಲ್ಲಿ ನಾರ್ಮಲ್ ತೂಕಕ್ಕಿಂತ ಕಮ್ಮಿ ಇರ್ಬೇಕು ತಾನೆ, 25 ಎಲ್ಲಿಂದ ಬಂತು?? ಕಾಲೇಜಲ್ಲಿ ಕೇಳಿದ್ರೆ ಸ್ಯೂಡೋ ಫೋರ್ಸ್ (ಓಡ್ತಿರೋ ವೆಜ್ ಮೇಲಿಂದ ನೋಡಿದ್ರೆ ಲೆಕ್ಕಕ್ಕೆ ಸೇರಿಸ್ಕೊಳ್ಳೋ ಬಲ) ಹಾಕು ಬರುತ್ತೆ ಅಂದ್ರು, ಹಾಕಿದೆ, ಬಂತು, ಆದ್ರೆ ಯಾಕೆ ಬಂತು ಅಂತ ಗೊತ್ತಾಗ್ಲಿಲ್ಲ. ಕೆಸಿಇಟಿಗೆ ಅಷ್ಟು ಸಾಕು ಬಿಡು ಅಂತಾನೆ ಪಕ್ಕದವ್ನು.

ಮೇಷ್ಟ್ರು_ಹಾಸನ

ಪಕ್ಕದವನ ಮಾತು ಕೇಳ್ಬೇಡಪ್ಪ. ನಿನ್ನ ಕೊನೇ ಎರಡು ಸ್ಟೆಪ್ ಸರಿಯಾಗೇ ಇದೆ, ಮೊದಲನೇ ಸಾಲಿನಲ್ಲೇ ಕೈಕೊಟ್ಟಿರೋದು. ಎನ್ = ಎಂಜಿ ಕಾಸ್ ಥೀಟಾ ಅಂತ ಇಳಿಜಾರು ಕಂಡ ತಕ್ಷಣ ಬರೆದುಬಿಟ್ಟೆ ನೋಡು, ಅದು ಎಲ್ಲಿಂದ ಬಂದಿದ್ದು ಅಂತ ಒಂದ್ಸಲ ಹಿಂದಕ್ಕೆ ಹೋಗಿ ನೋಡು.

ವೆಜ್ ಅಲ್ಲಾಡದೆ ನಿಂತಿದ್ದಾಗ ಬ್ಲಾಕ್ ಇಳಿಜಾರಿನ ಉದ್ದಕ್ಕೆ ಮಾತ್ರ ಜಾರುತ್ತೆ. ಇಳಿಜಾರಿಗೆ ನೇರ ಲಂಬವಾಗಿರೋ ದಿಕ್ಕಿನಲ್ಲಿ ಅದಕ್ಕೆ ವೇಗೋತ್ಕರ್ಷ ಸೊನ್ನೆ, ಹಲಗೆ ಒಳಗೂ ಹೋಗಲ್ಲ, ಎದ್ದು ಹಾರೋದೂ ಇಲ್ಲ. ಆ ಸೊನ್ನೆ ಇರೋದ್ರಿಂದಲೇ ಆ ದಿಕ್ಕಲ್ಲಿ ಎನ್ ಮೈನಸ್ ಎಂಜಿ ಕಾಸ್ ಥೀಟಾ = 0 ಅಂತ ಬರೀತೀವಿ. ಅಂದ್ರೆ 16 ಅನ್ನೋದು ಆ ಒಂದು ಸಂದರ್ಭಕ್ಕೆ ಲೆಕ್ಕ ಮಾಡಿ ಬಂದ ಉತ್ತರ, ಬಾಯಿಪಾಠ ಮಾಡ್ಕೊಂಡು ಎಲ್ಲಾ ಕಡೆ ಅಂಟಿಸೋಕೆ ಬರಲ್ಲ. ಈಗ ನಿನ್ನ ಲೆಕ್ಕದಲ್ಲಿ ಬ್ಲಾಕು ವೆಜ್ ಜೊತೆಗೇ ನೆಲಕ್ಕೆ ಸಮನಾಗಿ ಮುಂದಕ್ಕೆ ಹೋಗ್ತಾ ಇದೆ. ಆ ಅಡ್ಡ ವೇಗೋತ್ಕರ್ಷನ ಇಳಿಜಾರಿನ ಉದ್ದಕ್ಕೆ ಒಂದು, ಇಳಿಜಾರಿಗೆ ಲಂಬವಾಗಿ ಒಂದು ಅಂತ ಬಿಡಿಸಿದ್ರೆ ಲಂಬದ ಭಾಗ ಎ ಸೈನ್ ಥೀಟಾ, ಸೊನ್ನೆ ಅಲ್ಲ. ಅಲ್ಲಿಗೆ 16ರ ಕಥೆ ಮುಗೀತು.

ಹಂಗಾದ್ರೆ ಮಾಡೋದು ಹೆಂಗೆ. ಬ್ಲಾಕ್ ಮೇಲೆ ಇರೋದು ಎರಡೇ ಬಲ, ಭೂಮಿ ಎಳೆಯೋದು 20 ನೇರ ಕೆಳಕ್ಕೆ, ಹಲಗೆ ತಳ್ಳೋದು ಎನ್ ಓರೆಯಾಗಿ ಮೇಲಕ್ಕೆ-ಮುಂದಕ್ಕೆ. ಬ್ಲಾಕ್ ಹೋಗ್ತಿರೋದು ಅಡ್ಡಕ್ಕೆ, ಆದ್ದರಿಂದ ಅಕ್ಷ ಕೂಡ ಅಡ್ಡ ಮತ್ತು ನೇರ ತಗೋ, ಇಳಿಜಾರಿನ ಉದ್ದಕ್ಕೆ ತಗೋಬೇಡ. ಬಿಡಿಸಬೇಕಾಗಿರೋದು ಎನ್ ಒಂದನ್ನೇ, ತೂಕ ಹಂಗೇ ಇರಲಿ.

ನೇರ ದಿಕ್ಕಲ್ಲಿ ಬ್ಲಾಕ್ ಏರೋದೂ ಇಲ್ಲ ಇಳಿಯೋದೂ ಇಲ್ಲ: ಎನ್ × 0.8 = 20, ಎನ್ = 25.
ಅಡ್ಡ ದಿಕ್ಕಲ್ಲಿ: 25 × 0.6 = 15 = 2 × ಎ, ಎ = 7.5.

ಎರಡು ಸಾಲಲ್ಲಿ ಮುಗೀತು. 20 ನ್ಯೂಟನ್ ತೂಕನ ಹೊರೋಕೆ ಎನ್‌ನ ಮೇಲ್ಮುಖ ಭಾಗ ಒಂದೇ ಗತಿ, ಎನ್ ಓರೆ ಇದೆ, ಆದ್ದರಿಂದ ಪೂರ್ತಿ ಎನ್ 20ಕ್ಕಿಂತ ಜಾಸ್ತಿ ಇರಲೇಬೇಕು. ಸೂತ್ರ ಬೇಕು ಅಂದ್ರೆ ಎ = ಜಿ ಟ್ಯಾನ್ ಥೀಟಾ, ಎನ್ = ಎಂಜಿ ಭಾಗಿಸು ಕಾಸ್ ಥೀಟಾ. ಗುಣಿಸೋ ಕಾಸ್ ಇಲ್ಲಿ ಭಾಗಿಸೋ ಕಾಸ್ ಆಗಿದೆ, ಪರೀಕ್ಷೆಲಿ ಆಪ್ಷನ್ ಎರಡೂ ಕೊಟ್ಟಿರ್ತಾರೆ ಪಾಪಿಗಳು.

ಅಂದಹಾಗೆ ನಿನ್ನ 4.8 ಕೂಡ ಸುಳ್ಳು ನಂಬರ್ ಏನಲ್ಲ. ನಿಂತಿರೋ ವೆಜ್ ಮೇಲೆ ಬ್ಲಾಕ್ ಜಾರ್ತಾ ಇದ್ದಾಗ ಅದರ ಅಡ್ಡ ವೇಗೋತ್ಕರ್ಷ ಸರಿಯಾಗಿ 4.8ಏ ಇರುತ್ತೆ. ಬೇರೆ ಪ್ರಶ್ನೆಗೆ ಸರಿ ಉತ್ತರ ಬರೆದಿದ್ದೀಯ.

ಪೀಣ್ಯ_ಮೆಕ್ಯಾನಿಕಲ್

ಮೇಷ್ಟ್ರು ಹೇಳಿದ್ದು ಸೂಪರ್, ಆದ್ರೆ ಹುಡುಗ ಕೇಳಿದ್ದು ಸ್ಯೂಡೋ ಹಾಕಿದ್ರೆ ಯಾಕೆ ಬಂತು ಅಂತ, ಅದಕ್ಕೆ ನಾನು ಹೇಳ್ತೀನಿ.

ನೀನೇ ವೆಜ್ ಮೇಲೆ ಹತ್ತಿ ಕೂತ್ಕೊ. ನಿನ್ನ ಕಣ್ಣಿಗೆ ಬ್ಲಾಕ್ ಅಲ್ಲಾಡ್ತಿಲ್ಲ. ಅಲ್ಲಾಡ್ತಿಲ್ಲ ಅಂದ್ರೆ ಬಲ ಎಲ್ಲಾ ಸೇರಿ ಸೊನ್ನೆ ಆಗ್ಬೇಕು, ಆದ್ರೆ ತೂಕ ಮತ್ತು ಎನ್ ಎರಡೇ ಸೇರಿದ್ರೆ ಸೊನ್ನೆ ಆಗಲ್ಲ ಯಾಕಂದ್ರೆ ಒಂದು ನೇರ ಇದೆ ಇನ್ನೊಂದು ಓರೆ ಇದೆ, ಹಂಗಾಗಿ ಹಿಂದಕ್ಕೆ ಎಂ × ಎ ಅಂತ ಒಂದು ಬಲ ಸೇರಿಸ್ಕೊಂಡ್ರೆ ಲೆಕ್ಕ ಕೂಡುತ್ತೆ. ಇಲ್ಲಿ ಇಳಿಜಾರಿನ ಉದ್ದಕ್ಕೇ ಅಕ್ಷ ತಗೋಬಹುದು. ಉದ್ದಕ್ಕೆ: ಕೆಳಗೆ ಎಳೆಯೋದು 20 × 0.6 = 12, ಮೇಲಕ್ಕೆ ತಳ್ಳೋದು 2 × 7.5 × 0.8 = 12, ಟೈ. ಲಂಬಕ್ಕೆ: ಎನ್ = 16 + 2 × 7.5 × 0.6 = 16 + 9 = 25. ನೋಡು ನಿನ್ನ 16 ಇಲ್ಲೇ ಇದೆ, ಮೇಲೆ ಇನ್ನೊಂದು 9 ಸೇರ್ಕೊಂಡಿದೆ ಅಷ್ಟೆ.

ನಂಗೆ ಇಷ್ಟ ಆಗೋ ದಾರಿ ಇನ್ನೊಂದಿದೆ. ಕೆಳಗೆ 10, ಹಿಂದಕ್ಕೆ 7.5, ಎರಡೂ ಸೇರಿಸಿದ್ರೆ 12.5 ಬರುತ್ತೆ, ದಿಕ್ಕು ನೇರ ಗೆರೆಯಿಂದ 37 ಡಿಗ್ರಿ ಓರೆ. ಅಂದ್ರೆ ವೆಜ್ ಮೇಲೆ ಕೂತೋರಿಗೆ ಗುರುತ್ವವೇ 12.5 ಆಗಿದೆ, ಅದೂ ಇಳಿಜಾರಿಗೆ ಸರಿಯಾಗಿ ಲಂಬವಾಗಿ. ಗಾರೆ ಕೆಲಸದವರ ತೂಕದ ಗುಂಡು ನೇತುಹಾಕಿದ್ರೆ ದಾರ ಇಳಿಜಾರಿಗೆ ಲಂಬವಾಗಿ ನಿಲ್ಲುತ್ತೆ, ರಸಮಟ್ಟ ಇಟ್ರೆ ಗುಳ್ಳೆ ನಡುವಲ್ಲೇ ಇರುತ್ತೆ, ಇಳಿಜಾರು ಅಂತ ಅದಕ್ಕೆ ಗೊತ್ತೇ ಆಗಲ್ಲ. ಮಟ್ಟಸ ಹಲಗೆ ಮೇಲೆ ಇಟ್ಟ ಬ್ಲಾಕ್ ಯಾಕೆ ಜಾರುತ್ತೆ ಹೇಳು.

ಫೋನ್ ಇದ್ರೆ ಫೈಫಾಕ್ಸ್ ಅಂತ ಆ್ಯಪ್ ಹಾಕ್ಕೊ, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರದು, ದುಡ್ಡು ಕೊಡ್ಬೇಕಿಲ್ಲ. ಗುರುತ್ವ ಸೇರಿಸಿ ತೋರಿಸೋ ಆಕ್ಸಿಲರೇಷನ್ ಮೋಡ್ ತೆಗೆದು ಟೇಬಲ್ ಮೇಲೆ ಅಂಗಾತ ಇಡು, 9.8 ಹತ್ರ ತೋರಿಸುತ್ತೆ. 37 ಡಿಗ್ರಿ ಹಲಗೆ ಮೇಲೆ ಜಾರದ ಹಂಗೆ ಅಂಟಿಸಿಟ್ರೆ ಸ್ಕ್ರೀನಿಗೆ ಲಂಬದ ನಂಬರ್ 7.8, ಹಲಗೆ ಉದ್ದಕ್ಕೆ 5.9. ಘರ್ಷಣೆ ಇಲ್ಲದೆ ಜಾರೋಕೆ ಬಿಟ್ರೆ ಉದ್ದಕ್ಕೆ ಸೊನ್ನೆ, ಲಂಬಕ್ಕೆ ಅದೇ 7.8. ನಿನ್ನ ಪ್ರಾಬ್ಲಮ್ಮಿನ ವೆಜ್ ಮೇಲಾದ್ರೆ ಉದ್ದಕ್ಕೆ ಸೊನ್ನೆ, ಲಂಬಕ್ಕೆ 12 ದಾಟುತ್ತೆ. ಫೋನ್ ಒಳಗಿರೋ ಚಿಪ್ ಅಳೆಯೋದು ಗುರುತ್ವನ ಅಲ್ಲ, ತನ್ನನ್ನ ಯಾರು ಎಷ್ಟು ತಳ್ತಿದ್ದಾರೆ ಅನ್ನೋದನ್ನ. ಅಂದ್ರೆ ನೀನು ಹುಡುಕ್ತಿರೋ ಎನ್‌ನೇ ಅದು, ಫೋನಿನ ತೂಕದಿಂದ, ಸಾರಿ, ದ್ರವ್ಯರಾಶಿಯಿಂದ ಭಾಗಿಸಿ ತೋರಿಸುತ್ತೆ.

ಧಾರ್ವಾಡ_ಪೇಢೆ

ಸ್ಯೂಡೋ ಫೋರ್ಸ್ ಅನ್ನೋದ ಇಲ್ಲ ನೋಡ್ರಿ. ಯಾವ ವಸ್ತು ಹಚ್ಚಿದ ಬಲ ಅದು? ನ್ಯೂಟನ್ನನ ಮೂರನೇ ನಿಯಮದ ಜೋಡಿ ಎಲ್ಲೈತಿ? ಹುಡುಗರಿಗೆ ಮೊದಲ ನೆಲದ ಮ್ಯಾಲೆ ನಿಂತು ಲೆಕ್ಕಾ ಮಾಡೋದು ಕಲಸ್ರಿ, ಆಮ್ಯಾಲೆ ಬೇಕಾದ್ರ ವೆಜ್ ಏರಿ ಕುಂದ್ರಲಿ. ನಾ ಟ್ಯೂಷನ್ ಹೇಳ್ತೀನಿ, ಪೇಪರ್ ತಿದ್ದಬೇಕಾದ್ರ ಎಡಕ್ಕ ಸ್ಯೂಡೋನೂ ಹಾಕಿರ್ತಾರ, ಬಲಕ್ಕ ಎಂ × ಎನೂ ಬರದಿರ್ತಾರ, ಒಂದ ವೇಗೋತ್ಕರ್ಷಕ್ಕ ಎರಡ ಸಲ ಲೆಕ್ಕಾ. ಏನ್ ಮಾಡೂದು ಹೇಳ್ರಿ.

ಪೀಣ್ಯ_ಮೆಕ್ಯಾನಿಕಲ್

ಸರ್ ಇಲ್ಲ ಅಂದ್ರೆ ಇಲ್ಲ ಅಂತಾನೇ ಇಟ್ಕೊಳ್ಳಿ, ನನಗೂ ಜಗಳ ಬೇಡ, ಆದ್ರೆ ಬ್ಲಾಕ್ ಜಾರೋಕೆ ಶುರು ಮಾಡಿದ ಮೇಲೆ ನೆಲದ ಮೇಲೆ ನಿಂತು ಲೆಕ್ಕ ಮಾಡೋಕೆ ಹೋದ್ರೆ ಬ್ಲಾಕಿನ ದಾರಿ ಇಳಿಜಾರಿನ ಉದ್ದಕ್ಕೂ ಇರಲ್ಲ ಅಡ್ಡಕ್ಕೂ ಇರಲ್ಲ ಯಾವುದೋ ಮಧ್ಯದ ಓರೆಲಿರುತ್ತೆ, ಆಗ ವೆಜ್ ಮೇಲೆ ಕೂರೋದೇ ಸುಲಭ. ಎರಡು ಸಲ ಲೆಕ್ಕ ಮಾಡ್ತಾರೆ ಅನ್ನೋದು ಮಾತ್ರ ನೂರಕ್ಕೆ ನೂರು ನಿಜ. ಕೂತ ಜಾಗ ಒಂದೇ ಇರ್ಲಿ ತಮ್ಮ, ನೆಲದ ಮೇಲೆ ಅಂದ್ರೆ ಸ್ಯೂಡೋ ಮುಟ್ಬೇಡ, ವೆಜ್ ಮೇಲೆ ಅಂದ್ರೆ ಬಲಗಡೆ ವೆಜ್‌ಗೆ ಹೋಲಿಸಿದ ವೇಗೋತ್ಕರ್ಷ ಮಾತ್ರ.

ಲಾಸ್ಟ್‌ಬೆಂಚ್_ತಿಪಟೂರು

ಅಯ್ಯೋ ಈಗ ಅರ್ಥ ಆಯ್ತು, ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಪೀಣ್ಯ ಅಣ್ಣ ನಿಮಗೂ. ಇದರ ಮುಂದಿನ ಪ್ರಾಬ್ಲಂ ಅದೇ ವೆಜ್ಜು, ಘರ್ಷಣೆ ಗುಣಾಂಕ 0.25 ಕೊಟ್ಟು ಎ 5 ಇದ್ರೆ ಘರ್ಷಣೆ ಎಷ್ಟು ಯಾವ ದಿಕ್ಕು, ಎ 10 ಇದ್ರೆ ಎಷ್ಟು ಯಾವ ದಿಕ್ಕು ಅಂತ ಕೇಳಿದ್ದಾರೆ. ದಿಕ್ಕು ಮೊದಲೇ ಹೆಂಗೆ ಗೊತ್ತಾಗುತ್ತೆ?

ಮೇಷ್ಟ್ರು_ಹಾಸನ

ಮೊದಲು ಘರ್ಷಣೆ ಇಲ್ಲ ಅಂದ್ಕೊಂಡು ಬ್ಲಾಕ್ ಯಾವ ಕಡೆ ಹೊರಡೋಕೆ ನೋಡುತ್ತೆ ಅಂತ ಕಂಡ್ಕೊ, ಘರ್ಷಣೆ ಅದಕ್ಕೆ ಉಲ್ಟಾ. ವೆಜ್ ಮೇಲೇ ಕೂತು ಮಾಡೋಣ, ಧಾರವಾಡದ ಸರ್ ಕ್ಷಮಿಸಲಿ.

ಎ = 5: ಕೆಳಕ್ಕೆ 12, ಮೇಲಕ್ಕೆ 2 × 5 × 0.8 = 8. ಕೆಳಕ್ಕೆ 4 ಉಳೀತು, ಘರ್ಷಣೆ ಮೇಲ್ಮುಖ, 4 ನ್ಯೂಟನ್ ಬೇಕು. ಎಷ್ಟು ಸಿಗಬಹುದು? ಎನ್ = 16 + 6 = 22, ಗರಿಷ್ಠ 0.25 × 22 = 5.5. ಬೇಕಾದ್ದು 4, ಸಿಗೋದು 5.5ರವರೆಗೆ, ಬ್ಲಾಕ್ ಕೂತಿರುತ್ತೆ. ಉತ್ತರ 4, 5.5 ಅಂತ ಬರೀಬೇಡ! ಮ್ಯೂ (ಘರ್ಷಣೆ ಗುಣಾಂಕ) × ಎನ್ ಅನ್ನೋದು ಮಿತಿ, ಇನ್ನೇನು ಜಾರಬೇಕು ಅನ್ನೋ ಹೊತ್ತಲ್ಲಿ ಮಾತ್ರ ಘರ್ಷಣೆ ಅಷ್ಟಿರುತ್ತೆ.

ಎ = 10: ಕೆಳಕ್ಕೆ 12, ಮೇಲಕ್ಕೆ 16. ಈಗ ಬ್ಲಾಕ್ ಮೇಲಕ್ಕೆ ಏರೋಕೆ ನೋಡ್ತಿದೆ, ಘರ್ಷಣೆ ಕೆಳಮುಖ, ಅದೂ 4ಏ. ಎನ್ = 28, ಮಿತಿ 7, ಇಲ್ಲೂ ಕೂತಿರುತ್ತೆ.

ಎರಡರ ಮಧ್ಯೆ 7.5ರಲ್ಲಿ ಘರ್ಷಣೆ ಪೂರ್ತಿ ಸೊನ್ನೆ ಆಗಿ ದಿಕ್ಕು ತಿರುಗುತ್ತೆ. ಹಿಂಗೇ ಮಿತಿ ಹಚ್ಚಿ ನೋಡಿದ್ರೆ ಸುಮಾರು 4.2ಕ್ಕಿಂತ ಕಮ್ಮಿ ಇದ್ರೆ ಕೆಳಗೆ ಜಾರುತ್ತೆ, 12.3 ದಾಟಿದ್ರೆ ಮೇಲಕ್ಕೆ ಏರುತ್ತೆ. ಒಂದು ತಮಾಷೆ ಇದೆ ಇದರಲ್ಲಿ. ಮೇಲಿನ ಮಿತಿಯ ಸೂತ್ರದ ಕೆಳಗಡೆ 1 ಮೈನಸ್ ಮ್ಯೂ ಟ್ಯಾನ್ ಥೀಟಾ ಬರುತ್ತೆ, ಮ್ಯೂ 1.33 ಮುಟ್ಟಿದ್ರೆ ಅದು ಸೊನ್ನೆ. ಅಂದ್ರೆ ಅಷ್ಟು ಒರಟಾದ ಹಲಗೆ ಆದ್ರೆ ನೀನು ಎಷ್ಟೇ ಜೋರಾಗಿ ತಳ್ಳು, ಬ್ಲಾಕ್ ಮೇಲಕ್ಕೆ ಏರೋದೇ ಇಲ್ಲ, ಯಾಕಂದ್ರೆ ತಳ್ಳಿದಷ್ಟೂ ಎನ್ ಕೂಡ ಬೆಳೀತಾ ಹೋಗುತ್ತೆ.

ಉಲ್ಟಾ ದಿಕ್ಕಿಗೆ ಎಳೆದ್ರೆ ಏನಾಗುತ್ತೆ ಅಂತಾನೂ ನೋಡ್ಬಿಡು. ಆಗ ಎನ್ = 16 ಮೈನಸ್ 1.2 × ಎ. ಎ 13.3 ಆದಾಗ ಎನ್ ಸೊನ್ನೆ, ವೆಜ್ ಬ್ಲಾಕಿನ ಕೆಳಗಿಂದ ತಪ್ಪಿಸ್ಕೊಂಡು ಹೋಗುತ್ತೆ, ಬ್ಲಾಕ್ ನೇರ ಕೆಳಗೆ ಬೀಳುತ್ತೆ.

ಚಾರ್ಮಾಡಿ_ಪಿಕಪ್

ನಾನು ಓದಿದ್ದು ಎಸೆಸೆಲ್ಸಿ, ಡ್ರೈವರ್, ಈ ಸೈನು ಕಾಸು ಎಲ್ಲಾ ಮರ್ತೋಗಿದೆ ಆದ್ರೂ ಓದ್ತಾ ಓದ್ತಾ ಒಂದು ಕೇಳ್ಬೇಕು ಅನ್ನಿಸ್ತು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳೀವಾಗ ಬ್ರೇಕ್ ಹಾಕಿದ್ರೆ ಹಿಂದಿರೋ ಲೋಡು ಜಾರ್ಕೊಂಡು ಬಂದು ಕ್ಯಾಬಿನ್‌ಗೆ ಗುದ್ದುತ್ತೆ. ಹತ್ತುವಾಗ ಅಷ್ಟೇ ಬ್ರೇಕ್ ಹಾಕಿ, ಅಲ್ಲಾಡಲ್ಲ. ಹತ್ತುವಾಗ ಹಿಂದಕ್ಕೆ ಜಾರೋದು ಆಕ್ಸಿಲರೇಟರ್ ಒತ್ತಿ ಎಳೆದಾಗ ಮಾತ್ರ. ಇದೂ ನಿಮ್ಮ ಲೆಕ್ಕಕ್ಕೇ ಬರುತ್ತಾ ಅಥವಾ ಬೇರೆನಾ?

ಮೇಷ್ಟ್ರು_ಹಾಸನ

ಸ್ವಾಮಿ ಇದೇ ಲೆಕ್ಕ, ಪುಸ್ತಕದ ವೆಜ್ಜಿಗಿಂತ ನಿಮ್ಮ ಪಿಕಪ್ಪೇ ಒಳ್ಳೆ ಉದಾಹರಣೆ. ಹುಡುಗ ನೀನೂ ನೋಡು, ಒಂದು ವ್ಯತ್ಯಾಸ ಇದೆ.

ವೆಜ್ ಓಡಿದ್ದು ನೆಲಕ್ಕೆ ಸಮನಾಗಿ. ಗಾಡಿ ಓಡೋದು ರೋಡಿನ ಇಳಿಜಾರಿನ ಉದ್ದಕ್ಕೇ. ಬ್ರೇಕ್ ಹಾಕಿದ್ರೂ ಎಳೆದ್ರೂ ವೇಗೋತ್ಕರ್ಷ ರೋಡಿನ ಉದ್ದಕ್ಕೇ ಇರುತ್ತೆ, ರೋಡಿಗೆ ಲಂಬವಾಗಿ ಏನೂ ಇಲ್ಲ. ಹಂಗಾಗಿ ಇಲ್ಲಿ ಎನ್ = ಎಂಜಿ ಕಾಸ್ ಥೀಟಾ ಆರಾಮಾಗಿ ಉಳ್ಕೊಳ್ಳುತ್ತೆ, ಗಾಡಿ ಎಷ್ಟೇ ಜೋರಾಗಿ ಬ್ರೇಕ್ ಹಾಕಿದ್ರೂ. ಓಡ್ತಾ ಇದೆಯಾ ನಿಂತಿದೆಯಾ ಅನ್ನೋದಲ್ಲ ಮುಖ್ಯ, ಯಾವ ದಿಕ್ಕಿಗೆ ವೇಗೋತ್ಕರ್ಷ ಅನ್ನೋದು.

ಈಗ ಹತ್ತಕ್ಕೆ ಒಂದು ಇಳಿಜಾರು ಅಂತ ಇಟ್ಕೊಳ್ಳಿ, ಉದಾಹರಣೆಗೆ ಮಾತ್ರ. ರೋಡಿನ ಉದ್ದಕ್ಕೆ ಗುರುತ್ವ ಎಳೆಯೋದು ಸುಮಾರು 1. ಬ್ರೇಕ್ 4 ಅಂತ ಹಾಕಿದ್ರಿ. ಇಳೀವಾಗ ಗುರುತ್ವ ಲೋಡನ್ನ ಮುಂದಕ್ಕೆ ಎಳೀತಾ ಇದೆ, ಬ್ರೇಕಿಂದಲೂ ಅದು ಮುಂದಕ್ಕೇ ನುಗ್ಗೋಕೆ ನೋಡುತ್ತೆ, ಎರಡೂ ಸೇರಿ 5. ಲೋಡು ಜಾರದೆ ನಿಲ್ಲೋಕೆ ಘರ್ಷಣೆ ಗುಣಾಂಕ 0.5 ಬೇಕು. ಮಟ್ಟಸ ರೋಡಲ್ಲಿ 0.4 ಸಾಕು. ಹತ್ತುವಾಗ ಗುರುತ್ವ ಹಿಂದಕ್ಕೆ ಎಳೆಯುತ್ತೆ, 4ರಲ್ಲಿ 1 ಕಳೆದು 3, ಗುಣಾಂಕ 0.3 ಸಾಕು. ಅದೇ ಬ್ರೇಕು, ಒಂದು ಕಡೆ 0.5 ಬೇಕು ಇನ್ನೊಂದು ಕಡೆ 0.3. ನಿಮ್ಮ ಲೋಡಿನ ಘರ್ಷಣೆ ಈ ಎರಡರ ಮಧ್ಯೆ ಎಲ್ಲೋ ಇದೆ, ಅದಕ್ಕೇ ಇಳೀವಾಗ ಗುದ್ದುತ್ತೆ, ಹತ್ತುವಾಗ ಸುಮ್ನಿರುತ್ತೆ. ಹತ್ತುವಾಗ ಎಳೆದ್ರೆ ಗುರುತ್ವನೂ ಎಳೆತನೂ ಎರಡೂ ಲೋಡನ್ನ ಹಿಂದಕ್ಕೆ ಬಿಡುತ್ತೆ, ಆಗ ಜಾರುತ್ತೆ. ತೂಕ ಎರಡು ಪಟ್ಟು ಆದ್ರೂ ಈ ನಂಬರ್ ಬದಲಾಗಲ್ಲ ಅನ್ನೋದು ನೆನಪಿಟ್ಕೊಳ್ಳಿ, ಭಾರ ಜಾಸ್ತಿ ಇದೆ ಜಾರಲ್ಲ ಅಂತ ಹಗ್ಗ ಬಿಗಿಯದೆ ಹೊರಡೋರು ಇದ್ದಾರೆ.

ಚಾರ್ಮಾಡಿ_ಪಿಕಪ್

ಹೌದು ಹೌದು, ಭಾರ ಇದ್ರೆ ಜಾರಲ್ಲ ಅಂತ ನಮ್ಮೋರು ಬೆಟ್ ಕಟ್ತಾರೆ. ಟಾರ್ಪಾಲ್ ಮೇಲೆ ಟೈಲ್ಸ್ ಬಾಕ್ಸ್ ಇಟ್ಟು ಮಳೇಲಿ ಇಳೀಲಿ ನೋಡೋಣ.

ಪೀಣ್ಯ_ಮೆಕ್ಯಾನಿಕಲ್

ಅಣ್ಣ ಇನ್ನೊಂದು, ಟ್ರೈ ಮಾಡೋಕೆ ಹೋಗ್ಬೇಡಿ ಸುಮ್ನೆ ತಲೇಲಿ ಮಾಡಿ. ಬ್ರೇಕೂ ಇಲ್ಲ, ಎಂಜಿನ್ನೂ ಹಿಡಿದಿಲ್ಲ, ಗಾಳಿ ಘರ್ಷಣೆ ಏನೂ ಇಲ್ಲ, ಗಾಡಿ ತನ್ನಷ್ಟಕ್ಕೆ ಇಳಿಜಾರಲ್ಲಿ ಉರುಳ್ತಾ ಇದೆ ಅಂತ ಇಟ್ಕೊಳ್ಳಿ. ಲೋಡಿಗೂ ಗಾಡಿಗೂ ಒಂದೇ ವೇಗೋತ್ಕರ್ಷ, ಜಿ ಸೈನ್ ಥೀಟಾ, ಹಗ್ಗವೇ ಬೇಡ, ಕನ್ನಡಿಗೆ ನೇತುಹಾಕಿರೋ ನಿಂಬೆಹಣ್ಣು-ಮೆಣಸಿನಕಾಯಿ ರೋಡಿಗೆ ಲಂಬವಾಗಿ ನಿಂತಿರುತ್ತೆ. ಒಳಗೆ ಕಣ್ಣು ಮುಚ್ಕೊಂಡು ಕೂತೋನಿಗೆ ಮಟ್ಟಸ ಜಾಗದಲ್ಲಿ ನಿಂತ ಹಂಗೇ ಇರುತ್ತೆ.

ಚಾರ್ಮಾಡಿ_ಪಿಕಪ್

ನ್ಯೂಟ್ರಲ್ ಹಾಕ್ಕೊಂಡು ಘಾಟಿ ಇಳಿಯೋರು ಯಾರಾದ್ರೂ ಇದ್ರೆ ಅವರ ಪಕ್ಕ ಕೂರ್ಬೇಡಿ, ಲೆಕ್ಕ ಸರಿ ಇರ್ಲಿ ಬಿಡ್ಲಿ. ಹತ್ತಿದ ಗೇರಲ್ಲೇ ಇಳೀಬೇಕು.

ಧಾರ್ವಾಡ_ಪೇಢೆ

ತಿಪಟೂರು ತಮ್ಮಾ, ನಿನಗ ನಂದೊಂದು. ವೆಜ್ಜನ್ನ ಯಾರೂ ದೂಡೂದಿಲ್ಲ. ವೆಜ್ 8 ಕೆಜಿ, ನೆಲಾನೂ ನುಣುಪ, ಬ್ಲಾಕ್ ಬಿಟ್ಟ ಕೂಡ್ಲೇ ಬ್ಲಾಕ್ ಒಂದ ಕಡೆ, ವೆಜ್ ಹಿಂದ. ಎನ್ ಎಷ್ಟು? ಈ ಸಲ ಸ್ಯೂಡೋ ಹಾಕ್ಕೊಂಡ್ರೂ ಬೈಯೂದಿಲ್ಲ.

ಲಾಸ್ಟ್‌ಬೆಂಚ್_ತಿಪಟೂರು

ರಾತ್ರಿ ಕೂತು ಮಾಡ್ದೆ ಸರ್. ವೆಜ್‌ನ ತಳ್ಳೋದು ಎನ್‌ನ ಅಡ್ಡ ಭಾಗ ಒಂದೇ, ಅದಕ್ಕೆ ಎನ್ × 0.6 = 8 × ಎ. ಬ್ಲಾಕ್‌ಗೆ ವೆಜ್ ಮೇಲೆ ಕೂತು ಲಂಬ ದಿಕ್ಕಲ್ಲಿ: ಎನ್ + 2 × ಎ × 0.6 = 16. ಈ ಸಲ ವೆಜ್ ಹಿಂದಕ್ಕೆ ಹೋಗೋದ್ರಿಂದ ಸ್ಯೂಡೋ ಬ್ಲಾಕನ್ನ ಇಳಿಜಾರಿಂದ ದೂರ ಎಳೆಯುತ್ತೆ, ಪ್ಲಸ್ಸು ಎನ್ ಕಡೆ ಬಂತು. ಬಿಡಿಸಿದ್ರೆ ಎ = 1.1, ಎನ್ = 14.7. ಮೊದಲು 25, ಈಗ 16ಕ್ಕಿಂತಲೂ ಕಮ್ಮಿ. ಸರೀನಾ? ಇಳಿಜಾರಿನ ಉದ್ದಕ್ಕೆ ವೆಜ್‌ಗೆ ಹೋಲಿಸಿದ್ರೆ 6.9 ಬಂತು, ನಿಂತಿರೋ ವೆಜ್‌ಲಿ 6 ತಾನೆ ಇರ್ಬೇಕು, ಜಾಸ್ತಿ ಬಂದಿದ್ದಕ್ಕೆ ಭಯ ಆಯ್ತು.

ಧಾರ್ವಾಡ_ಪೇಢೆ

ಭಯ ಯಾಕ, ಎಲ್ಲಾ ಬರೋಬ್ಬರಿ ಐತಿ. ಬ್ಲಾಕ್ ಕೆಳಗ ಹೋಗೂ ಹೊತ್ತಿನ್ಯಾಗ ವೆಜ್ ಹಿಂದ ಸರದ್ರ ಹಲಗಿ ಮ್ಯಾಲೆ ಇನ್ನಷ್ಟು ಬೇಗ ಜಾರಿಧಂಗ ಕಾಣತೈತಿ. ಚೆಕ್ ಮಾಡೂದು ಕಲಿ: ವೆಜ್ ಭಾರ ಬೆಟ್ಟದಷ್ಟ ಮಾಡು, ಅದು ಅಲ್ಲಾಡೂದಿಲ್ಲ, ಎನ್ ವಾಪಸ್ 16ಕ್ಕ ಬರತೈತಿ. ವೆಜ್ ಭಾರ ಸೊನ್ನೆ ಮಾಡು, ಎನ್ ಸೊನ್ನೆ, ಎ 13.3. ಮೇಷ್ಟ್ರು ಮ್ಯಾಲೆ ಉಲ್ಟಾ ಎಳದಾಗ ಹೇಳಿದ 13.3ನ ಅದು.

ಇನ್ನೊಂದ ಮಾಡು. ಬ್ಲಾಕ್ ಜಾರಾಕತ್ತಿದಾಗ ನೆಲ ವೆಜ್ಜಿಗೆ ಕೊಡೂ ನಾರ್ಮಲ್ ಎಷ್ಟು? ಎರಡೂ ಸೇರಿ 10 ಕೆಜಿ, 100 ನ್ಯೂಟನ್ ಅಂತ ಹೇಳಿದ್ರ ಪೇಢೆ ಸಿಗೂದಿಲ್ಲ.

ಲಾಸ್ಟ್‌ಬೆಂಚ್_ತಿಪಟೂರು

ವೆಜ್ ಮೇಲೆ ಕೆಳಮುಖ: ತನ್ನ ತೂಕ 80, ಬ್ಲಾಕ್ ಒತ್ತೋದು 14.68 × 0.8 = 11.7. ಒಟ್ಟು 91.7. ಬ್ಲಾಕ್ ಕೆಳಕ್ಕೆ ವೇಗೋತ್ಕರ್ಷದಲ್ಲಿ ಇಳೀತಾ ಇದೆ, ಅದಕ್ಕೇ 100 ಇಲ್ಲ. ಬ್ಲಾಕ್ ಜಾರದ ಹಂಗೆ ತಳ್ಳಿದ ಮೊದಲನೇ ಕೇಸಲ್ಲಿ 80 + 25 × 0.8 = 100, ಅಲ್ಲಿ ಪೂರ್ತಿ ಇದೆ. ತಳ್ಳೋಕೆ ಬೇಕಾದ ಬಲ 10 × 7.5 = 75 ನ್ಯೂಟನ್.

ಪೇಢೆ ಯಾವಾಗ ಕಳಿಸ್ತೀರ ಸರ್?